ವಿದೇಶಿ ಸೀಟಿನ ಸಂತೆ: ಅವರೇ ಏಕೆ ನಮ್ಮ ಬಾಗಿಲಿಗೆ ಬರುತ್ತಾರೆ?

ಬೆಂಗಳೂರಿನ ದೊಡ್ಡ ಹೋಟೆಲೊಂದರ ಸಭಾಂಗಣ. ಬೇರೆ ದಿನಗಳಲ್ಲಿ ಮದುವೆಯ ಆರತಕ್ಷತೆ ನಡೆಯುವ ಜಾಗದಲ್ಲಿ ಈಚೆಗೆ ಒಂದು ಭಾನುವಾರ ಸಾಲುಸಾಲಾಗಿ ಮೇಜುಗಳನ್ನು ಜೋಡಿಸಿದ್ದರು. ಪ್ರತಿ ಮೇಜಿನ ಹಿಂದೆ ಒಂದು ವಿಶ್ವವಿದ್ಯಾಲಯದ ಹೆಸರು, ಹುಲ್ಲುಹಾಸಿನ ಮೇಲೆ ನಗುತ್ತ ಕುಳಿತ ಹುಡುಗ ಹುಡುಗಿಯರ ಚಿತ್ರ. ಮೇಜಿನ ಮುಂದೆ ಕೈಯಲ್ಲಿ ಅಂಕಪಟ್ಟಿ ಹಿಡಿದ ಮಕ್ಕಳು, ಅವರ ಬೆನ್ನ ಹಿಂದೆ ಅಪ್ಪ ಅಮ್ಮಂದಿರು. ಬಾಗಿಲಲ್ಲೇ ಹೆಸರು, ಫೋನ್ ನಂಬರ್, ಅಪ್ಪನ ಉದ್ಯೋಗ ಬರೆಸಿಕೊಂಡು ಕೈಗೊಂದು ಚೀಲ ಕೊಡುತ್ತಿದ್ದರು. ಇದೇ ವಿದೇಶಿ ಶಿಕ್ಷಣ ಮೇಳ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳ ಜೊತೆ ಬಂದಿದ್ದರು. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲೇ ಮುಖ ತೊಳೆದು ತಿಂಡಿ ತಿಂದು ಬಂದವರು. ಮಗಳು ಕಂಪ್ಯೂಟರ್ ಸೈನ್ಸ್ ಓದಿ ಮುಗಿಸುತ್ತಿದ್ದಾಳೆ. ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಮಾಡುವ ಆಸೆ. ನಾನು ಪತ್ರಿಕೆಯವನೆಂದು ತಿಳಿದ ಮೇಲೆ ಆ ತಂದೆ ನನ್ನನ್ನು ಒಂದು ಕಂಬದ ಮರೆಗೆ ಕರೆದು ಮೆಲ್ಲಗೆ ಕೇಳಿದರು: "ಅಲ್ಲಪ್ಪ, ಒಳ್ಳೆ ಕಾಲೇಜು ಅಂದ್ರೆ ನಾವು ಹೋಗಿ ಅವರ ಬಾಗಿಲು ಕಾಯಬೇಕು. ಇವರೇ ಸಮುದ್ರ ದಾಟಿ ನಮ್ಮ ಬಾಗಿಲಿಗೆ ಬಂದಿದ್ದಾರಲ್ಲ, ಯಾಕೆ?"

ಸಭಾಂಗಣದಲ್ಲಿ ಅಂದು ಕೇಳಿಬಂದ ನೂರಾರು ಪ್ರಶ್ನೆಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿರಲಿಲ್ಲ. ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಓದು ಕೊಡುಗೆಯಾಗಿದ್ದ ಕಾಲ

ಒಂದು ಕಾಲಕ್ಕೆ ಕಡಲಾಚೆಯ ಓದು ಎಂದರೆ ಒಂದೋ ಶ್ರೀಮಂತರ ಮಕ್ಕಳಿಗೆ, ಇಲ್ಲವೇ ವಿದ್ಯಾರ್ಥಿವೇತನ ಗೆದ್ದ ಬೆರಳೆಣಿಕೆಯ ಬುದ್ಧಿವಂತರಿಗೆ. ಜೆಮ್‌ಷೆಟ್‌ಜಿ ಟಾಟಾ ಅವರು 1892ರಲ್ಲಿ ಇಂಥವರಿಗೆಂದೇ ಒಂದು ನಿಧಿ ಸ್ಥಾಪಿಸಿದರು. ತುಮಕೂರು ಸೀಮೆಯಲ್ಲಿ ಹುಟ್ಟಿ ಮುಂದೆ ದೇಶದ ಅಣು ವಿಜ್ಞಾನದ ಮುಂದಾಳಾದ ರಾಜಾ ರಾಮಣ್ಣ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದದ್ದು ಟಾಟಾ ವಿದ್ಯಾರ್ಥಿಯಾಗಿಯೇ. ಸ್ವಾತಂತ್ರ್ಯಾನಂತರ ಭಾರತ ಸರ್ಕಾರವೂ ಹಿಂದುಳಿದ ಸಮುದಾಯಗಳ ಮಕ್ಕಳಿಗಾಗಿ 1954-55ರಲ್ಲಿ ಸಾಗರೋತ್ತರ ವಿದ್ಯಾರ್ಥಿವೇತನ ಆರಂಭಿಸಿತು.

ಅತ್ತ ಕೊಡುವ ದೇಶಗಳ ಲೆಕ್ಕಾಚಾರವೂ ಬೇರೆಯಾಗಿತ್ತು. 1951ರಲ್ಲಿ ಜಾರಿಗೆ ಬಂದ ಕೊಲಂಬೊ ಯೋಜನೆಯಡಿ ಆಸ್ಟ್ರೇಲಿಯಾ ಏಷ್ಯದ ಸಾವಿರಾರು ವಿದ್ಯಾರ್ಥಿಗಳನ್ನು ತನ್ನ ಖರ್ಚಿನಲ್ಲಿ ಓದಿಸಿತು. ಅದು ಶೀತಲ ಸಮರದ ದಿನಗಳು. ಓದಿ ಮರಳಿದವನು ತನ್ನ ದೇಶದಲ್ಲಿ ದೊಡ್ಡ ಅಧಿಕಾರಿಯಾಗುತ್ತಾನೆ, ನಮ್ಮ ಸ್ನೇಹ ಮರೆಯುವುದಿಲ್ಲ ಎಂಬ ದೂರದೃಷ್ಟಿ ಅದರ ಹಿಂದಿತ್ತು. 1974ರಲ್ಲಂತೂ ಆ ದೇಶ ವಿಶ್ವವಿದ್ಯಾಲಯದ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ವಿದೇಶಿ ವಿದ್ಯಾರ್ಥಿಗಳಿಗೂ ಅದರ ಲಾಭ ಸಿಕ್ಕಿತು. ಬ್ರಿಟನ್ನಿನಲ್ಲಿಯೂ ಬಹುಕಾಲ ಸ್ವದೇಶಿ, ವಿದೇಶಿ ಎಂಬ ಭೇದವಿರಲಿಲ್ಲ.

ಕೊಡುಗೆ ಸರಕಾದ ಬಗೆ

ಮೊದಲ ಬಿರುಕು ಕಾಣಿಸಿದ್ದು 1967ರಲ್ಲಿ. ಬ್ರಿಟನ್ ಆ ವರ್ಷ ತನ್ನ ಮಕ್ಕಳಿಗೆ 70 ಪೌಂಡ್, ಹೊರಗಿನವರಿಗೆ 250 ಪೌಂಡ್ ಎಂದು ಶುಲ್ಕದಲ್ಲಿ ಎರಡು ಪಂಕ್ತಿ ಮಾಡಿತು. ಆದರೆ ನಿಜವಾದ ತಿರುವು ಬಂದದ್ದು ಮಾರ್ಗರೆಟ್ ಥ್ಯಾಚರ್ ಸರ್ಕಾರದ ಕಾಲದಲ್ಲಿ. ವಿದೇಶಿ ವಿದ್ಯಾರ್ಥಿಯ ಓದಿಗೆ ತಗಲುವ ಪೂರ್ತಿ ಖರ್ಚನ್ನು ಅವನೇ ಭರಿಸಬೇಕೆಂದು ಆ ಸರ್ಕಾರ 1979ರಲ್ಲಿ ತೀರ್ಮಾನಿಸಿತು. 1980ರ ಶೈಕ್ಷಣಿಕ ವರ್ಷದಿಂದ ಅದು ಜಾರಿಗೆ ಬಂತು. ಉದ್ದೇಶ ಬೊಕ್ಕಸದ ಹಣ ಉಳಿಸುವುದಷ್ಟೆ. ಆದರೆ ಶುಲ್ಕ ಏರಿದ ಕೂಡಲೇ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಬರಿದಾದ ಬೆಂಚುಗಳನ್ನು ತುಂಬಿಸಿಕೊಳ್ಳಲು ವಿಶ್ವವಿದ್ಯಾಲಯಗಳು ಹೊರಗೆ ಹೋಗಿ ಜನರನ್ನು ಕರೆಯಬೇಕಾಯಿತು. ಬ್ರಿಟಿಷ್ ಕೌನ್ಸಿಲ್ 1984ರಲ್ಲಿ ಇದಕ್ಕೆಂದೇ ಒಂದು ಸಲಹಾ ವಿಭಾಗ ತೆರೆಯಿತು. ಅಂದಿನಿಂದ ಮೇಳ, ಪ್ರದರ್ಶನ, ಕೈಪಿಡಿಗಳ ಸುಗ್ಗಿ.

ಆಸ್ಟ್ರೇಲಿಯಾದಲ್ಲಿ ಆದದ್ದು ಇನ್ನೂ ಸ್ವಾರಸ್ಯಕರ. 1984ರಲ್ಲಿ ಅಲ್ಲಿ ಎರಡು ಸಮಿತಿಗಳು ಎರಡು ವರದಿ ಕೊಟ್ಟವು. ಜಾಕ್ಸನ್ ಸಮಿತಿ ಶಿಕ್ಷಣವನ್ನು ಒಂದು ರಫ್ತು ಉದ್ಯಮವಾಗಿ ಬೆಳೆಸಬಹುದೆಂದಿತು. ಗೋಲ್ಡ್‌ರಿಂಗ್ ಸಮಿತಿ ಆ ದಾರಿ ಬೇಡವೆಂದಿತು. ಸರ್ಕಾರ ಮೊದಲನೆಯವರ ಮಾತು ಕೇಳಿತು. 1986ರಿಂದ ಪೂರ್ತಿ ಶುಲ್ಕ ತೆರುವ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ವಿಶ್ವವಿದ್ಯಾಲಯಗಳಿಗೆ ಅವಕಾಶವಾಯಿತು. 1990ರಿಂದ ಹೊಸದಾಗಿ ಬರುವವರೆಲ್ಲರೂ ಪೂರ್ತಿ ಶುಲ್ಕ ತೆರಬೇಕಾಯಿತು. ಕಬ್ಬಿಣದ ಅದಿರು, ಕಲ್ಲಿದ್ದಲಿನಂಥ ರಫ್ತುಗಳ ಪಟ್ಟಿಯಲ್ಲಿ ಶಿಕ್ಷಣವೂ ಸೇರಿತು.

ಹೀಗೆ ಒಂದೇ ದಶಕದಲ್ಲಿ ವಿದೇಶಿ ವಿದ್ಯಾರ್ಥಿ ಅತಿಥಿಯ ಸ್ಥಾನದಿಂದ ಗಿರಾಕಿಯ ಸ್ಥಾನಕ್ಕೆ ಬಂದ. ಗಿರಾಕಿ ಇದ್ದಲ್ಲಿಗೆ ಅಂಗಡಿ ಬರುವುದು ಲೋಕರೂಢಿ.

ನಮಗೇನೂ ಹೊಸತಲ್ಲ

ಹೊರಗಿನವನಿಗೆ ಹೆಚ್ಚು ಬೆಲೆ ಎಂಬ ಈ ಪದ್ಧತಿ ಕನ್ನಡಿಗರಿಗೆ ಅಪರಿಚಿತವೇನಲ್ಲ. ಕರ್ನಾಟಕ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾಯ್ದೆ ತಂದಿತು. ಆದರೆ ಅದೇ ಸರ್ಕಾರ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ನಿಗದಿಮಾಡಿದ ವಾರ್ಷಿಕ ಶುಲ್ಕ ನೋಡಿ: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರ ರಾಜ್ಯದವರಿಗೆ 60,000 ರೂಪಾಯಿ! ಉತ್ತರಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಳು. ಮೋಹಿನಿ ಜೈನ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಲಯ 1992ರಲ್ಲಿ ತೀರ್ಪಿತ್ತು, 60,000 ರೂಪಾಯಿ ಶುಲ್ಕವಲ್ಲ, ಅದು ಬೇರೆ ಹೆಸರಿನ ಕ್ಯಾಪಿಟೇಷನ್ ಎಂದು ಸಾರಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಉಚಿತ ಸೀಟು, ಪಾವತಿ ಸೀಟುಗಳ ಹೊಸ ವ್ಯವಸ್ಥೆ ಬಂತು.

ಈಗ ಜಾಗ ಅದಲುಬದಲಾಗಿದೆ, ಅಷ್ಟೆ. ಅಂದು ಮೀರತ್‌ನಿಂದ ಬಂದವಳು ನಮಗೆ ಹೊರಗಿನವಳಾಗಿದ್ದಳು. ಇಂದು ಚನ್ನಗಿರಿಯ ಹುಡುಗಿ ಮ್ಯಾಂಚೆಸ್ಟರಿಗೆ ಹೊರಗಿನವಳು. ಒಂದು ವ್ಯತ್ಯಾಸವುಂಟು. ಆಕೆಗೆ ದೂರು ಕೊಡಲು ಅಲ್ಲಿಯ ಕೋರ್ಟಿನ ಮೆಟ್ಟಿಲು ಬಹಳ ಎತ್ತರ.

ನಮ್ಮವರೂ ಈ ವ್ಯಾಪಾರದಲ್ಲಿ ಹಿಂದೆ ಬಿದ್ದಿಲ್ಲ. ಹೊರದೇಶದವರನ್ನು ಕರೆತರಲು ಕೇಂದ್ರ ಸರ್ಕಾರ 2018ರಲ್ಲಿ 'ಸ್ಟಡಿ ಇನ್ ಇಂಡಿಯಾ' ಕಾರ್ಯಕ್ರಮ ಆರಂಭಿಸಿತು. 2019-20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದಲ್ಲಿದ್ದ ಸುಮಾರು 49 ಸಾವಿರ ವಿದೇಶಿ ವಿದ್ಯಾರ್ಥಿಗಳಲ್ಲಿ 10 ಸಾವಿರದಷ್ಟು ಮಂದಿ ಕರ್ನಾಟಕದಲ್ಲಿದ್ದರು. ಆದರೆ ಹೋಗುವವರ ಸಂಖ್ಯೆಯ ಮುಂದೆ ಇದು ಏನೇನೂ ಅಲ್ಲ. ಓದಿಗೆಂದು ದೇಶ ಬಿಟ್ಟವರು 2023ರಲ್ಲಿ ಸುಮಾರು 8.9 ಲಕ್ಷ, 2024ರಲ್ಲಿ ಸುಮಾರು 7.6 ಲಕ್ಷ. ಅಮೆರಿಕದ ವಿದೇಶಿ ವಿದ್ಯಾರ್ಥಿಗಳಲ್ಲಿ 2023-24ರಲ್ಲಿ ಭಾರತೀಯರು 3,31,602 ಮಂದಿಯಾಗಿ ಚೀನೀಯರನ್ನೂ ಹಿಂದಿಕ್ಕಿದರು.

ಯಾರ ಗಂಟಿನಿಂದ ಯಾರ ಓದು?

ಸ್ವದೇಶದ ಮಕ್ಕಳಿಂದ ಎಷ್ಟು ಶುಲ್ಕ ಪಡೆಯಬಹುದೆಂದು ಅಲ್ಲಿಯ ಸರ್ಕಾರಗಳು ಮಿತಿ ಹಾಕುತ್ತವೆ. ಇಂಗ್ಲೆಂಡಿನಲ್ಲಿ ಪದವಿ ಶಿಕ್ಷಣದ ಈ ಮಿತಿ 2012ರಲ್ಲಿ ವರ್ಷಕ್ಕೆ 9,000 ಪೌಂಡ್ ಇತ್ತು. 2017ರಲ್ಲಿ 9,250 ಆಯಿತು. ಆಮೇಲೆ ಬೆಲೆಗಳೆಲ್ಲ ಗಗನಕ್ಕೇರಿದರೂ 2025ರವರೆಗೆ ಅಲ್ಲೇ ನಿಂತಿತ್ತು. ಆ ವರ್ಷ ಏರಿದ್ದು 9,535ಕ್ಕೆ ಮಾತ್ರ. ಕೆನಡಾದ ಒಂಟಾರಿಯೊ ಪ್ರಾಂತ್ಯ 2019ರಲ್ಲಿ ಸ್ವದೇಶಿಯರ ಶುಲ್ಕವನ್ನು ಶೇ 10ರಷ್ಟು ಇಳಿಸಿ ಅಲ್ಲೇ ಕಟ್ಟಿಹಾಕಿತು. ಅಧ್ಯಾಪಕರ ಸಂಬಳ, ಕಟ್ಟಡ, ಪ್ರಯೋಗಾಲಯಗಳ ಖರ್ಚು ಮಾತ್ರ ಏರುತ್ತಲೇ ಇರುತ್ತದೆ. ಈ ಕಂದಕವನ್ನು ತುಂಬುವುದು ಯಾರು? ಮಿತಿಯೇ ಇಲ್ಲದ ಶುಲ್ಕ ತೆರುವ ವಿದೇಶಿ ವಿದ್ಯಾರ್ಥಿ.

ಆ ತಂದೆಯ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇಲ್ಲಿದೆ. ಅವರು ಬರುವುದು ನಮ್ಮ ಮಕ್ಕಳ ಪ್ರತಿಭೆಯ ಮೇಲಿನ ಮೋಹದಿಂದ ಮಾತ್ರವಲ್ಲ. ನಮ್ಮ ಹಣವಿಲ್ಲದೆ ಅವರ ಸಂಸಾರ ತೂಗುವುದು ಕಷ್ಟ.

ನಡುವಿನ ಮನುಷ್ಯ

ಉಳಿದರ್ಧ ಉತ್ತರ ಮೇಜಿನ ಪಕ್ಕದಲ್ಲೇ ನಿಂತಿರುತ್ತದೆ. ಮೇಳಗಳಲ್ಲಿ ಹಲವನ್ನು ನಡೆಸುವುದು ವಿಶ್ವವಿದ್ಯಾಲಯಗಳಲ್ಲ, ಸಲಹಾ ಸಂಸ್ಥೆಗಳು. ಇಂಥ ಮೇಳದಲ್ಲಿ ಮೇಜು ಹಿಡಿಯಲು ವಿಶ್ವವಿದ್ಯಾಲಯ ಬಾಡಿಗೆ ತೆರುತ್ತದೆ. ವಿದ್ಯಾರ್ಥಿಗೆ ಪ್ರವೇಶ ಉಚಿತ, ಸಲಹೆಯೂ ಉಚಿತ. ಹಾಗಾದರೆ ಸಲಹೆಗಾರನ ಹೊಟ್ಟೆಪಾಡು? ಹುಡುಗ ಸೇರಿಕೊಂಡ ಮೇಲೆ ವಿಶ್ವವಿದ್ಯಾಲಯ ಅವನಿಗೆ ಕಮಿಷನ್ ಕೊಡುತ್ತದೆ, ಸಾಮಾನ್ಯವಾಗಿ ಮೊದಲ ವರ್ಷದ ಶುಲ್ಕದ ಶೇ 10ರಿಂದ 20ರವರೆಗೆ. ಮದುವೆ ದಲ್ಲಾಳಿ ಗಂಡಿನ ಕಡೆಯಿಂದ ಹಣ ಪಡೆದು ಹೆಣ್ಣಿನ ಕಡೆಯವರಿಗೆ ಬುದ್ಧಿ ಹೇಳಿದಂತೆ. ಅವನು ಹೇಳುವುದೆಲ್ಲ ಸುಳ್ಳೆಂದಲ್ಲ. ಆದರೆ ಯಾರ ಅನ್ನ ತಿಂದು ಹೇಳುತ್ತಿದ್ದಾನೆಂದು ತಿಳಿದಿರಬೇಕು.

ಅಮೆರಿಕದ ಧೋರಣೆ ಇಲ್ಲಿ ಕುತೂಹಲಕರ. ತಲೆ ಎಣಿಸಿ ದಲ್ಲಾಳಿಗೆ ಹಣ ಕೊಡಬಾರದೆಂದು ಅಲ್ಲಿಯ ಕಾನೂನು 1992ರಿಂದ ಹೇಳುತ್ತದೆ. ಆದರೆ ಸರ್ಕಾರದ ನೆರವಿಗೆ ಅರ್ಹರಲ್ಲದ ವಿದೇಶಿ ವಿದ್ಯಾರ್ಥಿಗಳನ್ನು ತರುವಾಗ ಈ ನಿಷೇಧವಿಲ್ಲ! ಕಾಲೇಜು ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘವೂ ಬಹುಕಾಲ ಇದನ್ನು ವಿರೋಧಿಸಿ ಕೊನೆಗೆ 2013ರಲ್ಲಿ ಪಟ್ಟು ಸಡಿಲಿಸಿತು. ಅಲ್ಲಿಯ ವಿದೇಶಾಂಗ ಇಲಾಖೆ ನಡೆಸುವ 'ಎಜುಕೇಷನ್ ಯುಎಸ್ಎ' ಕೇಂದ್ರಗಳು ಮಾತ್ರ ಕಮಿಷನ್ ಇಲ್ಲದೆ ಸಲಹೆ ನೀಡುತ್ತವೆ.

ಈ ಉದ್ಯಮ ಎಷ್ಟು ಬೆಳೆದಿದೆ ಎಂಬುದಕ್ಕೆ ಐಡಿಪಿ ಎಂಬ ಸಂಸ್ಥೆಯ ಕಥೆ ಸಾಕು. 1969ರಲ್ಲಿ ಏಷ್ಯದ ವಿಶ್ವವಿದ್ಯಾಲಯಗಳಿಗೆ ನೆರವಾಗಲೆಂದು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಯೋಜನೆಯಿದು. ನಂತರ ಅದು ವಿದ್ಯಾರ್ಥಿಗಳನ್ನು ಕರೆತರುವ ಸಂಸ್ಥೆಯಾಯಿತು. 2015ರಲ್ಲಿ ಷೇರು ಪೇಟೆಗೂ ಬಂತು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಪಾಲುದಾರರಲ್ಲಿ ಅದೂ ಒಂದು. ಭಾರತದಲ್ಲಿ ಆ ಪರೀಕ್ಷೆ ನಡೆಸುವ ಬ್ರಿಟಿಷ್ ಕೌನ್ಸಿಲ್‌ನ ವ್ಯವಹಾರವನ್ನು 2021ರಲ್ಲಿ 13 ಕೋಟಿ ಪೌಂಡ್‌ಗೆ ಕೊಂಡಿತು. ಪರೀಕ್ಷೆ, ಸಲಹೆ, ಮೇಳ ಎಲ್ಲವೂ ಒಂದೇ ಸೂರಿನಡಿ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ನೆರವಿನ ಯೋಜನೆಯೊಂದು ಷೇರು ಪೇಟೆಯ ಕಂಪನಿಯಾದ ಹಾದಿಯೇ ಈ ಐವತ್ತು ವರ್ಷಗಳ ಚರಿತ್ರೆ.

ನಮ್ಮಲ್ಲಿ ಕೊಲ್ಲಿ ದೇಶಕ್ಕೆ ಕೂಲಿಗೆ ಆಳು ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು. ವಿದ್ಯಾರ್ಥಿಗಳನ್ನು ಕಳಿಸುವವನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಪಂಜಾಬ್ ರಾಜ್ಯ ಮಾತ್ರ ಪೆಟ್ಟು ತಿಂದ ಮೇಲೆ 2012ರಲ್ಲಿ ಸಲಹೆಗಾರರನ್ನೂ ಸೇರಿಸಿ ತನ್ನದೇ ಕಾನೂನು ಮಾಡಿಕೊಂಡಿತು.

ಸಂತೆಯ ಭಾಷೆ

ಮೇಳದಲ್ಲಿ ಬಳಸುವ ಮಾತುಗಳಿಗೆ ಅಲ್ಲಿಯದೇ ಅರ್ಥವಿರುತ್ತದೆ. 'ಸ್ಪಾಟ್ ಆಫರ್' ಎಂದರೆ ಸ್ಥಳದಲ್ಲೇ ಸೀಟು. ಕೇಳಿದೊಡನೆ ಎದೆ ಹಿಗ್ಗುತ್ತದೆ. ಆದರೆ ಅದು ಬಹುಪಾಲು ಷರತ್ತಿನ ಪತ್ರ. ಅಂತಿಮ ಅಂಕ, ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನಲ್ಲಿ ಹಣ ಇವೆಲ್ಲ ಹೊಂದಿದರೆ ಮಾತ್ರ ಅದಕ್ಕೆ ಬೆಲೆ. ಮುಖ್ಯವಾಗಿ, ಸೀಟು ಕೊಡುವುದು ವಿಶ್ವವಿದ್ಯಾಲಯ, ವೀಸಾ ಕೊಡುವುದು ಸರ್ಕಾರ. ಎರಡೂ ಬೇರೆ ಬೇರೆ ಬಾಗಿಲುಗಳು.

'ಸ್ಕಾಲರ್‌ಷಿಪ್' ಎಂಬುದೂ ಹಾಗೆಯೇ. ಬಂದವರಿಗೆಲ್ಲ ಶುಲ್ಕದಲ್ಲಿ ಇಷ್ಟು ಕಡಿತ ಎಂದರೆ ಅದು ಆಷಾಢದ ರಿಯಾಯಿತಿ ಮಾರಾಟದ ಜಾತಿಗೆ ಸೇರಿದ್ದೇ ಹೊರತು ರಾಜಾ ರಾಮಣ್ಣ ಪಡೆದ ಜಾತಿಯದಲ್ಲ. 'ಇವತ್ತೇ ಅರ್ಜಿ ಹಾಕಿದರೆ ಅರ್ಜಿ ಶುಲ್ಕ ಇಲ್ಲ' ಎಂಬುದು ಆತುರ ಹುಟ್ಟಿಸುವ ಮಾತು. ಬಾಗಿಲಲ್ಲಿ ಬರೆಸಿಕೊಂಡ ಫೋನ್ ನಂಬರೇ ಆ ಉಚಿತ ಪ್ರವೇಶದ ಬೆಲೆ ಎಂಬುದು ಮರುದಿನದಿಂದ ಕರೆಗಳು ಶುರುವಾದಾಗ ತಿಳಿಯುತ್ತದೆ.

ಯಾವ ಮೇಜು ಅಲ್ಲಿಲ್ಲ ಎಂಬುದನ್ನೂ ಗಮನಿಸಬೇಕು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೂ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಆರು ತಿಂಗಳಿಗೆ 1,500 ಯೂರೊ ಪಡೆಯುತ್ತಿದೆ. ಶುಲ್ಕವೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ನಾನು ಹೋದ ಮೇಳದಲ್ಲಿ ಸಾಲ ಕೊಡುವವರ ಮೇಜು ಮೂರಿದ್ದವು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ವಿದೇಶಿ ವ್ಯಾಸಂಗಕ್ಕೆ ಕರ್ನಾಟಕ ಸರ್ಕಾರ ಕೊಡುವ 'ಪ್ರಬುದ್ಧ' ವಿದ್ಯಾರ್ಥಿವೇತನದ ಬಗ್ಗೆ ಹೇಳುವವರು ಒಬ್ಬರೂ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮೇಳಕ್ಕೆ ಹೋಗಲೇಬಾರದೆಂದು ತಿಳಿಯಬೇಕಾಗಿಲ್ಲ. ಹಿಂದೆ ಅರ್ಜಿ ಹಾಕುವ ವಿಧಾನ ಬಲ್ಲವರು ಸೇಂಟ್ ಮಾರ್ಕ್ಸ್ ರಸ್ತೆಯ ಬ್ರಿಟಿಷ್ ಲೈಬ್ರರಿಗೆ ಹೋಗಿಬರಬಲ್ಲ ನಗರದ ಮಕ್ಕಳು ಮಾತ್ರ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ ಹುಡುಗಿಗೂ ಪಾಠ ಮಾಡುವ ಜಾಗದಿಂದ ಬಂದವರನ್ನು ಎದುರುಬದುರು ಕುಳಿತು ಪ್ರಶ್ನಿಸುವ ಅವಕಾಶ ಸಿಕ್ಕಿದ್ದು ಈ ಮೇಳಗಳಿಂದ. ಸಂತೆಗೆ ಹೋಗುವುದು ತಪ್ಪಲ್ಲ, ತೂಕ ನೋಡದೆ ಕೊಳ್ಳುವುದು ತಪ್ಪು.

ನಷ್ಟ ಯಾರಿಗೆ?

ತೂಕ ನೋಡದವರ ಕಥೆಗಳು ಸಾಕಷ್ಟಿವೆ. 2009-10ರಲ್ಲಿ ಆಸ್ಟ್ರೇಲಿಯಾದಲ್ಲಿ ಅಡುಗೆ, ಕೇಶವಿನ್ಯಾಸ ಕಲಿಸುತ್ತಿದ್ದ ಹಲವು ಖಾಸಗಿ ಕಾಲೇಜುಗಳು ಬಾಗಿಲು ಹಾಕಿದವು. ಆ ಕೋರ್ಸುಗಳಿಂದ ಅಲ್ಲೇ ನೆಲೆಸಬಹುದೆಂಬ ನಿಯಮವೂ ಬದಲಾಯಿತು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ಹೆಸರಿಗಷ್ಟೇ ವಿಶ್ವವಿದ್ಯಾಲಯವಾಗಿದ್ದ ಸಂಸ್ಥೆಯ ಮೇಲೆ ದಾಳಿ ನಡೆದಾಗ ಅಲ್ಲಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ಕೆಲವರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿದ ಚಿತ್ರಗಳನ್ನು ಓದುಗರು ಮರೆತಿರಲಾರರು. 2023ರಲ್ಲಿ ಕೆನಡಾದಲ್ಲಿ, ಏಜೆಂಟ್ ಕೊಟ್ಟ ಪ್ರವೇಶ ಪತ್ರವೇ ನಕಲಿ ಎಂದು ವರ್ಷಗಳ ನಂತರ ತಿಳಿದ ಪಂಜಾಬಿನ ಮಕ್ಕಳು ಗಡೀಪಾರಿನ ಭಯದಲ್ಲಿ ಬೀದಿಗೆ ಬಂದರು.

ಮೋಸವೇ ಇಲ್ಲದಾಗಲೂ ನಿಯಮ ಬದಲಾಗಬಹುದು. ಬ್ರಿಟನ್ ಓದಿನ ನಂತರದ ಕೆಲಸದ ಅವಕಾಶವನ್ನು 2012ರಲ್ಲಿ ಕಿತ್ತುಕೊಂಡಿತು, 2021ರಲ್ಲಿ ಎರಡು ವರ್ಷಕ್ಕೆ ಮತ್ತೆ ಕೊಟ್ಟಿತು, 2025ರಲ್ಲಿ ಅದನ್ನು 18 ತಿಂಗಳಿಗೆ ಇಳಿಸುವುದಾಗಿ ಪ್ರಕಟಿಸಿತು. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು, ಬ್ಯಾಂಕಿನಲ್ಲಿ ತೋರಿಸಬೇಕಾದ ಹಣವನ್ನು 10,000 ಡಾಲರ್‌ನಿಂದ 20,635 ಡಾಲರ್‌ಗೆ ಏರಿಸಿತು. ಆಸ್ಟ್ರೇಲಿಯಾದ ವೀಸಾ ಶುಲ್ಕ 2024ರ ಜುಲೈನಲ್ಲಿ 710 ಡಾಲರ್‌ನಿಂದ 1,600ಕ್ಕೆ, ಮರುವರ್ಷ 2,000ಕ್ಕೆ ಜಿಗಿಯಿತು.

ಮೇಳದಲ್ಲಿ ಕೈಕುಲುಕಿದ ಪ್ರತಿನಿಧಿ ಇದಕ್ಕೆ ಹೊಣೆಯಲ್ಲ. ಏಜೆಂಟನ ಕಮಿಷನ್ ಅಷ್ಟರಲ್ಲಿ ಕೈಸೇರಿರುತ್ತದೆ. ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿ ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಆಧಾರ ಕೊಡಬೇಕು. ಹುಡುಗಿಯ ಭವಿಷ್ಯದ ಜೊತೆಗೆ ಅಪ್ಪನ ಮನೆಪತ್ರವೂ ಬ್ಯಾಂಕಿನ ಕಪಾಟಿನಲ್ಲಿ ಕೂತಿರುತ್ತದೆ.

ಕೇಳಬೇಕಾದ ನಾಲ್ಕು ಮಾತು

ಮೇಜಿನ ಮುಂದೆ ಕುಳಿತಾಗ ನಾಲ್ಕು ಪ್ರಶ್ನೆ ಕೇಳಿದರೆ ಬಹಳಷ್ಟು ತಿಳಿಯುತ್ತದೆ. ಒಂದು, ನೀವು ವಿಶ್ವವಿದ್ಯಾಲಯದ ನೌಕರರೋ, ಏಜೆಂಟರೋ? ಎರಡು, ಇದೇ ಕೋರ್ಸಿಗೆ ನಿಮ್ಮ ದೇಶದ ಮಕ್ಕಳು ಎಷ್ಟು ಮಂದಿ, ಹೊರಗಿನವರು ಎಷ್ಟು? ತರಗತಿ ತುಂಬ ಹೊರಗಿನವರೇ ಇದ್ದರೆ ಆ ಕೋರ್ಸು ಯಾರಿಗಾಗಿ ಹುಟ್ಟಿದ್ದೆಂದು ಊಹಿಸಬಹುದು. ಮೂರು, ಮಧ್ಯದಲ್ಲಿ ಬಿಟ್ಟರೆ ಅಥವಾ ವೀಸಾ ಸಿಗದಿದ್ದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸು, ಎಷ್ಟು ದಿನದಲ್ಲಿ? ಇದು ಬರವಣಿಗೆಯಲ್ಲೇ ಬೇಕು. ನಾಲ್ಕು, ಕಳೆದ ವರ್ಷ ಭಾರತದಿಂದ ಹೋಗಿ ಸೇರಿದ ಇಬ್ಬರ ಜೊತೆ ಮಾತಾಡಿಸುವಿರಾ?

ಸಂಸ್ಥೆ ಅಸಲಿಯೇ ಎಂದು ನೋಡಲು ಯಾರ ಹಂಗೂ ಬೇಡ. ವಿದೇಶಿಯರನ್ನು ಸೇರಿಸಿಕೊಳ್ಳಬಲ್ಲ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್, ಕೆನಡಾ, ಅಮೆರಿಕ ಸರ್ಕಾರಗಳೇ ಪ್ರಕಟಿಸುತ್ತವೆ. ಆಸ್ಟ್ರೇಲಿಯಾದ ಕ್ರಿಕೋಸ್ ದಾಖಲೆಯಲ್ಲಿ ಕೋರ್ಸುಗಳ ವಿವರವೂ ಸಿಗುತ್ತದೆ. ಅಲ್ಲಿಯ ಸಂಸ್ಥೆಗಳು ತಮ್ಮ ಏಜೆಂಟರ ಪಟ್ಟಿಯನ್ನೂ ಬಹಿರಂಗಪಡಿಸಬೇಕು. ಜರ್ಮನಿಗೆ ಹೋಗುವವರ ಪ್ರಮಾಣಪತ್ರಗಳ ಪರಿಶೀಲನೆ 2022ರ ನವೆಂಬರ್‌ನಿಂದ ಕಡ್ಡಾಯವಾಗಿದೆ.

ಸಂಜೆ ಮೇಜುಗಳನ್ನು ಮಡಿಸುವ ಹೊತ್ತಿಗೆ ಆ ತಂದೆ ಮತ್ತೆ ಸಿಕ್ಕಿದರು. ಚೀಲ ತುಂಬ ಬಣ್ಣದ ಹೊತ್ತಗೆಗಳು. ಒಂದು ಮೇಜಿನಲ್ಲಿ ಅವರು ಮಗಳಿಂದ ಇಂಗ್ಲಿಷಿನಲ್ಲಿ ಕೇಳಿಸಿದ್ದರಂತೆ: ನಿಮ್ಮ ಊರಿನ ಮಕ್ಕಳಿಂದ ಎಷ್ಟು ತಗೊಳ್ಳುತ್ತೀರಿ? ಆ ಹೆಂಗಸು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜವಾದ ಅಂಕಿಯನ್ನೇ ಚೀಟಿಯಲ್ಲಿ ಬರೆದುಕೊಟ್ಟರಂತೆ. "ಅವಳು ಮರ್ಯಾದಸ್ತೆ," ಎಂದರು ತಂದೆ. ಅರ್ಜಿಗೆ ಸಹಿ ಹಾಕಿದಿರಾ ಎಂದು ಕೇಳಿದೆ. "ಮನೆ ಕಾಗದ ಇಡೋ ವಿಚಾರ. ಊರಿಗೆ ಹೋಗಿ ಅವಳ ಅವ್ವನ್ನೂ ಕೇಳಬೇಕಲ್ಲ," ಎಂದು ನಕ್ಕರು.

ಮಗಳು ಆಗಲೇ ಮೊಬೈಲಿನಲ್ಲಿ ಆ ವಿಶ್ವವಿದ್ಯಾಲಯದ ಹೆಸರನ್ನು ಸರ್ಕಾರಿ ಪಟ್ಟಿಯಲ್ಲಿ ಹುಡುಕುತ್ತಿದ್ದಳು. ಇಬ್ಬರೂ ಮೆಜೆಸ್ಟಿಕ್ ಕಡೆಗೆ ಹೊರಟರು, ರಾತ್ರಿ ಬಸ್ಸಿಗೆ ಇನ್ನೂ ಸಮಯವಿತ್ತು.